ಹೊರಡುವ ಮುಂಚೆ ಒಂದು ಸಣ್ಣ ಪ್ರಾರ್ಥನೆ

1938ನೆಯ ಇಸವಿ ಜೂನ್ 13, ಸೋಮವಾರ, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ, ಮಾಲೂರಿನ ಮಿಷನ್ ಕಾಂಪೌಂಡಿನ ಗೇಟಿನ ಬಳಿ ಪಾದ್ರಿ ಸುಬ್ಬರಾಯಪ್ಪನವರ ಗಾಡಿ ನಿಂತಿತು. ಎತ್ತುಗಳಿಗೆ ಏನೂ ಆಗಿರಲಿಲ್ಲ. ಎದುರಿಗೆ ಸಂತೋಷಮ್ಮ ಬಂದಿದ್ದಳು, ಅಷ್ಟೆ.

ಪಾದ್ರಿಯವರು ಮಗನಿಗೆ ಹೆಣ್ಣು ನೋಡಲು ಕೋಲಾರಕ್ಕೆ ಹೊರಟಿದ್ದರು. ಭಾರಿ ಆಳು. ಕಷ್ಟಪಟ್ಟು ಗಾಡಿಯಿಂದಿಳಿದು, ಜಗಲಿಗೆ ಹಿಂತಿರುಗಿ ಕುಳಿತು, ಹೆಂಡತಿ ತಂದುಕೊಟ್ಟ ನೀರು ಕುಡಿದು, “ಒಂದು ಸಣ್ಣ ಪ್ರಾರ್ಥನೆ ಮಾಡಿ ಹೊರಡೋಣ” ಎಂದರು.

ವಿಧವೆ ಎದುರಾದರೆ ಊರಿನವರೂ ಹೀಗೆಯೇ ಹಿಂತಿರುಗಿ, ಕುಳಿತು, ನೀರು ಕುಡಿದು ಹೊರಡುತ್ತಾರೆ. ಅದು ಮೂಢನಂಬಿಕೆಯೆಂದು ಪಾದ್ರಿಯವರು ಎರಡು ಭಾನುವಾರ ಬೋಧಿಸಿದ್ದರು. ಇವರದರಲ್ಲಿ ಕೊನೆಗೆ ಆಮೆನ್ ಇತ್ತು.

ಪಾದ್ರಿಯವರ ಕೈಕೆಳಗಿನ ಬೋಧಕ, ಉಪದೇಶಿ ಕದಿರೇಶ ವಿಷಮಜ್ವರದಲ್ಲಿ ತೀರಿಕೊಂಡ ಮೇಲೆ ಕಾಂಪೌಂಡಿನಲ್ಲಿ ಭಕ್ತಿ ಬಹಳ ಹೆಚ್ಚಿತ್ತು. ಅವನ ಹೆಂಡತಿ ಸಂತೋಷಮ್ಮ ಕೊಡ ಹಿಡಿದು ಹೊರಗೆ ಬಂದರೆ ಸಾಕು, ಎಲ್ಲಿಗೋ ಹೊರಟವರೆಲ್ಲ ನಿಂತು ಕಣ್ಣು ಮುಚ್ಚುತ್ತಿದ್ದರು. ತನ್ನ ದುಃಖ ನೋಡಿ ಇವರಿಗೆ ದೇವರ ನೆನಪಾಗುತ್ತಿದೆ ಎಂದುಕೊಂಡು ಮೊದಮೊದಲು ಅವಳೂ ಕೈ ಮುಗಿಯುತ್ತಿದ್ದಳು.

ಅವಳ ವಿಶ್ವಾಸವೂ ಅಚ್ಚುಕಟ್ಟಾದದ್ದೇನಲ್ಲ. ಗಂಡನ ಜ್ವರ ಇಳಿಯಲೆಂದು ಯೇಸುವಿಗೆ ಉಪವಾಸವಿದ್ದಳು. ಜೊತೆಗೊಂದು ಆಸರೆ ಇರಲಿ ಎಂದು ಗಂಗಮ್ಮನಿಗೂ ಮುಡುಪು ಕಟ್ಟಿದ್ದಳು. ಅವನು ಸತ್ತಾಗ ಇಬ್ಬರ ಮೇಲೂ ಮುನಿಸಿಕೊಂಡಳು. ಗಂಗಮ್ಮನೊಂದಿಗೆ ಮಾತೇ ಬಿಟ್ಟಳು. ಯೇಸುವಿನೊಂದಿಗೆ ಮಾತ್ರ ದಿನವೂ ಜಗಳವಾಡುತ್ತಿದ್ದಳು. ಅದಕ್ಕೂ ಪ್ರಾರ್ಥನೆ ಎನ್ನುತ್ತಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಈಗ ಹೊಸ ಉಪದೇಶಿ ಬರುವವನಿದ್ದ. ಉಪದೇಶಿಗೆಂದಿದ್ದ ಕೋಣೆಯನ್ನು ತಿಂಗಳ ಕೊನೆಗೆ ಅವಳು ಬಿಡಬೇಕು. ಬಿಟ್ಟರೆ ಮುಳಬಾಗಿಲಿನಲ್ಲಿ ಮೈದುನನ ಮನೆಯ ಒಲೆ ಊದಬೇಕು. ಉಳಿಯಲು ಒಂದೇ ದಾರಿ, ಹಳ್ಳಿಯ ಹೆಂಗಸರಿಗೆ ಸುವಾರ್ತೆ ಓದಿ ಹೇಳುವ ಮಿಷನ್ ಕೆಲಸ. ಅದನ್ನು ಕೇಳಲೆಂದೇ ಗೇಟಿಗೆ ಬಂದಿದ್ದಳು.

ಆಮೆನ್ ಆದ ಮೇಲೆ ಕೇಳಿದಳು.

“ಅದೇ ಕಣಮ್ಮಾ ಕಷ್ಟ” ಎಂದರು ಪಾದ್ರಿ. “ಬೆಳಿಗ್ಗೆ ಎದ್ದು ನೀನು ಬಾಗಿಲಲ್ಲಿ ನಿಂತ್ರೆ ಯಾರು ಒಳಕ್ಕೆ ಕರೀತಾರೆ? ನಮಗೇನೂ ಅಂಥ ನಂಬಿಕೆ ಇಲ್ಲ, ಜನರಿಗಿರತ್ತಲ್ಲ.”

“ನೀರು ಕುಡಿದ್ರಲ್ಲ ಅಯ್ಯಗಾರೂ?”

“ಬಾಯಾರಿಕೆ ಆಗಿತ್ತು.”

ಆದರೂ ಮನಸ್ಸು ಕೆಟ್ಟದ್ದಲ್ಲ. “ಶಿವಾರಪಟ್ಟಣಕ್ಕೆ ಒಂದ್ಸಲ ಹೋಗಿ ಬಾ. ಹತ್ತು ಹೆಂಗಸರು ಕೂತು ಕೇಳಿದ್ರೆ ಕಮಿಟಿ ಮುಂದೆ ಇಡ್ತೀನಿ” ಎಂದು ಗಾಡಿ ಹತ್ತಿದರು.

ಮರುದಿನ ಅವಳು ನಸುಕಿನಲ್ಲೇ ಹೊರಟಳು. ಶಿವಾರಪಟ್ಟಣದ ಹತ್ತಿರ ಕೆರೆಯ ಏರಿಯ ಮೇಲೆ ಎದುರಿನಿಂದ ಒಬ್ಬಳು ಬರುತ್ತಿದ್ದಳು. ಬರಿ ಹಣೆ, ಬರಿಗೈ. ಇವತ್ತೇ ಇವಳು ಎದುರಾಗಬೇಕೇ! ಸಂತೋಷಮ್ಮನ ಕಾಲು ತಾನಾಗಿ ಹಿಂದಕ್ಕೆ ಸರಿಯಿತು, “ಕರ್ತನೇ, ಒಂದು ಸಣ್ಣ” ಎಂದು ಬಾಯಿ ತೆರೆಯಿತು. ಅಲ್ಲಿಗೇ ನಾಲಿಗೆ ಕಚ್ಚಿಕೊಂಡಳು. ಬಾಯಿ ತನ್ನದು, ದನಿ ಪಾದ್ರಿಯವರದು.

ಅಷ್ಟರಲ್ಲಿ ಆ ಹೆಂಗಸು ಏರಿಯಿಂದ ಕೆಳಗಿಳಿದು ಬೆನ್ನು ತಿರುಗಿಸಿ ನಿಂತಿದ್ದಳು.

“ಯಾಕಮ್ಮಾ ಇಳಿದ್ಬಿಟ್ಟೆ?”

“ಏನೋ ಒಳ್ಳೇ ಕೆಲಸಕ್ಕೆ ಹೊರಟಿರ್ತೀಯ. ನಾನು ಗಂಡ ಇಲ್ಲದೋಳು. ಹೋಗು ತಾಯಿ.”

“ನಾನೂ ಗಂಡ ಇಲ್ಲದೋಳೇ.”

ಅವಳು ತಿರುಗಿ ಸಂತೋಷಮ್ಮನ ಕೈಲಿದ್ದ ಬೈಬಲ್ ನೋಡಿದಳು. “ಕಿರಸ್ತಾನರಿಗೂ ಇದೈತಾ?”

“ಇಲ್ಲ ಅಂತ ಹೇಳೋಕ್ಕೇ ಹೊರಟಿದ್ದೆ. ನಿನ್ನ ನೋಡಿ ನಾನೇ ನಿಂತ್ಬಿಟ್ಟೆ. ತಪ್ಪಾಯ್ತು ಕಣಕ್ಕಾ.”

ಆ ಹೆಂಗಸು, ದೊಡ್ಡಗಂಗಮ್ಮ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಈಗ ನಿನಗೆ ನಾನು ಅಪಶಕುನಾನೋ, ನನಗೆ ನೀನೋ? ನೀರು ಯಾರು ಕುಡೀಬೇಕೇ?”

ಇಬ್ಬರೂ ಕೆರೆಗಿಳಿದು ಕುಡಿದರು.

ಊರಿನಲ್ಲಿ ಪಾದ್ರಿಯವರು ಹೇಳಿದಂತೆಯೇ ಆಯಿತು. ಮುತ್ತೈದೆಯರ ಬಾಗಿಲುಗಳಿಂದ “ನಾಳೆ ಬಾರಮ್ಮ” ಎಂಬ ಮಾತಷ್ಟೇ ಹೊರಬಂತು. ಕೊನೆಗೆ ದೊಡ್ಡಗಂಗಮ್ಮ ವಿಗ್ರಹ ಕೆತ್ತುವವರ ಚಪ್ಪರದ ಹಿಂದೆ, ಕಲ್ಲಿನ ಚೂರುಗಳ ನಡುವೆ, ತನ್ನಂಥವರನ್ನು ಕೂಡಿಸಿದಳು. ಬೆಳಗಿನ ಹೊತ್ತು ಯಾರೂ ಮುಖ ನೋಡಲು ಬಯಸದವರು. ಅವರಿಗೆ ಬೇಕಾದಷ್ಟು ಬಿಡುವಿತ್ತು.

ಸಂತೋಷಮ್ಮ ಓದಿದ್ದು, ಯೇಸು ಒಂದು ಊರ ಬಾಗಿಲಿಗೆ ಬಂದಾಗ ಒಬ್ಬನೇ ಮಗನ ಹೆಣದೊಂದಿಗೆ ವಿಧವೆಯೊಬ್ಬಳು ಎದುರಾದ ಕತೆ.

“ತಾಳು” ಎಂದಳು ಮುದುಕಿ ಮುನಿಯಲ್ಲಮ್ಮ. “ಹೆಣ ಎದುರಾದ್ರೆ ಒಳ್ಳೇದು, ಮುಂಡೆ ಎದುರಾದ್ರೆ ಕೆಟ್ಟದ್ದು. ಎರಡೂ ಒಟ್ಟಿಗೆ ಬಂದ್ರೆ?”

“ಅವನು ಹಿಂದಕ್ಕೆ ಹೋದ್ನಾ?” ಎಂದಳು ದೊಡ್ಡಗಂಗಮ್ಮ.

“ಇಲ್ಲ. ಹತ್ತಿರ ಬಂದು, ಅಳಬೇಡ ಅಂದ.”

“ನೀರೂ ಕುಡೀಲಿಲ್ವಾ?”

“ಕುಡೀಲಿಲ್ಲ” ಎಂದು ಸಂತೋಷಮ್ಮ ಆ ಸಾಲಿಗೆ ಮತ್ತೆ ಬೆರಳಿಟ್ಟಳು. ಈ ಕತೆಯನ್ನು ಎಷ್ಟೋ ಸಲ ಓದಿದ್ದಳು. ಅವನು ನಿಂತದ್ದು ಯಾರ ಎದುರಿಗೆ ಎಂದು ನೋಡಿರಲಿಲ್ಲ. ಆ ವಿಧವೆಯ ಸತ್ತ ಮಗನನ್ನು ಎಬ್ಬಿಸಿದವನು ನನ್ನ ಗಂಡನನ್ನು ಯಾಕೆ ಎಬ್ಬಿಸಲಿಲ್ಲ ಎಂಬ ಜಗಳ ಹಾಗೆಯೇ ಉಳಿಯಿತು. ಆದರೆ ಇಷ್ಟು ದಿನ ಬೆನ್ನು ತಿರುಗಿಸಿದ್ದವನೊಡನೆ ಆಡುತ್ತಿದ್ದೇನೆಂದು ತಿಳಿದಿದ್ದಳು; ಈಗ ಎದುರಿಗೆ ನಿಂತವನೊಡನೆ ಆಡಬೇಕಾಯಿತು.

ಕಮಿಟಿಯಲ್ಲಿ ಕೇಳಿದರು, “ಎಷ್ಟು ಜನ ಕೂತಿದ್ರು?”

“ಹನ್ನೊಂದು. ಎಲ್ಲ ಗಂಡ ಸತ್ತೋರೇ.”

“ಅವರೂ ಲೆಕ್ಕಕ್ಕೆ ಬರ್ತಾರಾ?” ಎಂದರು ಶಾಲೆಯ ಮೇಷ್ಟ್ರು ಮುನಿಶಾಮಿ.

ಪಾದ್ರಿಯವರು ಯೋಚಿಸಿದರು. ಕೋಲಾರದಲ್ಲಿ ಮಿಷನ್ ನಡೆಸುವ ದೊರೆಸಾನಿಗೆ ಕಳಿಸುವ ವರದಿಯಲ್ಲಿ ಆ ವರ್ಷ ಕೇಳುಗರ ಸಂಖ್ಯೆ ತೀರ ಕಡಿಮೆಯಿತ್ತು. ಕೇಳುಗರಿಗೆ ಗಂಡ ಇರಬೇಕೆಂದು ಅದರಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಲೆಕ್ಕಕ್ಕೆ ಬರುತ್ತಾರೆಂದು ತೀರ್ಮಾನವಾಯಿತು. ಕೆಲಸ ಸಿಕ್ಕಿತು, ಕೋಣೆ ಉಳಿಯಿತು. ಅದರೊಂದಿಗೆ, ಸುವಾರ್ತಾ ಸೇವೆಯ ಅನುಕೂಲಕ್ಕಾಗಿ ಅವಳ ಕೋಣೆಯ ಹಿಂದೆ ಕಾಂಪೌಂಡ್ ಗೋಡೆ ಒಡೆದು ಒಂದು ಬಾಗಿಲು ಇಡಿಸುವುದೆಂದೂ ನಿರ್ಣಯವಾಯಿತು.

“ನಿನಗೆ ಸುತ್ತು ತಪ್ಪತ್ತೆ ಕಣಮ್ಮಾ” ಎಂದರು ಪಾದ್ರಿ.

ಬಾಗಿಲು ನಿಂತ ಮರುದಿನ ಬೆಳಿಗ್ಗೆ ಸಂತೋಷಮ್ಮ ಮುಂದಿನ ಗೇಟಿನಲ್ಲೇ ಹೊರಟಳು. ಜಗಲಿಯಿಂದ ಕೂಗು ಬಂತು: “ಬಾಗಿಲು ಇಡಿಸಿದ್ದೀವಲ್ಲಮ್ಮಾ!”

“ಚೆನ್ನಾಗಿದೆ ಅಯ್ಯಗಾರೂ. ಆದ್ರೆ ಯೇಸು ಊರ ಬಾಗಿಲಲ್ಲೇ ಎದುರಾದ. ನಾನು ಗೇಟಲ್ಲೇ ಹೋಗ್ತೀನಿ.”

ಅಂದಿನಿಂದ ದಿನವೂ ಅಲ್ಲಿಂದಲೇ ಹೋದಳು. ಮಿಷನ್ನಿನ ಬಾಗಿಲೇನೂ ವ್ಯರ್ಥವಾಗಲಿಲ್ಲ. ಮಗನ ನಿಶ್ಚಿತಾರ್ಥಕ್ಕೆ ಹೊರಡುವ ದಿನ ಪಾದ್ರಿಯವರು ಗಾಡಿಯನ್ನು ಹಿಂದಿನ ಓಣಿಗೆ ತರಿಸಿ, ಉಸಿರು ಬಿಗಿಹಿಡಿದು, ಓರೆಯಾಗಿ ಆ ಬಾಗಿಲೊಳಗೆ ತೂರಿದರು. ಒಳಗಿನಿಂದ ಹೆಂಡತಿ ನೂಕಿದರು, ಹೊರಗಿನಿಂದ ಮೇಷ್ಟ್ರು ಎಳೆದರು. ಬಾಗಿಲಿನ ಅಗಲ ಒಂದು ಅಡಿ ಹನ್ನೊಂದು ಅಂಗುಲ.