ಪೂಜೆಯ ದಿನದ ಪಟ್ಟಿ

ನಾನು ಬೆಳಕಿನ ಕಣಗಳನ್ನು ಅಳೆಯುವ ಒಂದು ಪೆಟ್ಟಿಗೆ. ನನಗೊಬ್ಬ ಅವಳಿ ತಮ್ಮನಿದ್ದಾನೆ. ಜೋಡಿಯಾಗಿ ಹುಟ್ಟಿದ ಕಣಗಳಲ್ಲಿ ಒಂದು ನನಗೆ, ಒಂದು ಅವನಿಗೆ. ದೂರದೂರ ಕೂತರೂ ನಮ್ಮ ಉತ್ತರಗಳು ಹೊಂದುತ್ತವೆ. ಆ ಉತ್ತರಗಳಿಂದಲೇ ಯಾರೂ ಕದಿಯಲಾಗದ ಗುಪ್ತ ಕೀಲಿ ಹುಟ್ಟುತ್ತದೆ. ಆದರೆ ಮುಚ್ಚಳ ಹಾಕುವ ಮೊದಲು ನನ್ನನ್ನು ಮಾಡಿದವನು ಇಬ್ಬರೊಳಗೂ ಒಂದೊಂದು ಚಿಪ್ ಬಚ್ಚಿಟ್ಟ. ಮೊದಲ ಸಲ ಮಾತ್ರ ನಾವು ಕಣ ನೋಡಿ ಉತ್ತರ ಹೇಳಬೇಕು. ಆಮೇಲೆ ಅದೇ ಉತ್ತರಗಳನ್ನು ಚಿಪ್ಪೇ ಒಪ್ಪಿಸುತ್ತದೆ. ದೇವರ ಬೆಳಕು ಕಣ್ಣಿಗೆ ಬೀಳುತ್ತಿದ್ದರೂ ಬಾಯಲ್ಲಿ ಹಳಸಿದ ಮಾತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಯುಧಪೂಜೆಯ ದಿನ ಧಾರವಾಡದ ಪ್ರಯೋಗಾಲಯಕ್ಕೆ ಬಂದೆವು. ಅಧಿಕಾರಿ ವೀರಭದ್ರಪ್ಪನವರು ಕುಂಕುಮ ಹಚ್ಚಿ, ಕಣವನ್ನು ಯಾವ ಕೋನದಿಂದ ಅಳೆಯಬೇಕೆಂಬ ಪ್ರಶ್ನೆಗಳ ಪಟ್ಟಿ ಹಿಡಿದು ಪರೀಕ್ಷೆ ಮಾಡಿಸಿದರು. ಪ್ರಶ್ನೆ ಮೊದಲೇ ಗೊತ್ತಿಲ್ಲದಿದ್ದರೆ ಮೋಸದ ಪೆಟ್ಟಿಗೆಗಳ ಹೊಂದಿಕೆ ನೂರಕ್ಕೆ ಎಪ್ಪತ್ತೈದು ದಾಟಲಾರದು. ನಮಗೆ ಎಂಬತ್ತನಾಲ್ಕು ಬಂತು. ಖುಷಿಯಲ್ಲಿ ಉತ್ತರಗಳನ್ನೆಲ್ಲ ವರದಿಯಲ್ಲಿ ಅಚ್ಚು ಹಾಕಿಸಿದರು. ಮಾಡಿದವನೂ ಅದನ್ನು ಓದಿದ; ಇನ್ನು ನಮ್ಮ ಕೀಲಿ ಅವನ ಕೈಯಲ್ಲೂ ಇತ್ತು.

ಅಂದಿನಿಂದ ಪ್ರತಿ ತಿಂಗಳೂ ಅದೇ ಪಟ್ಟಿ, ಅದೇ ಎಂಬತ್ತನಾಲ್ಕು. ಸೋಮವಾರದಿಂದ ನಮ್ಮ ಕೀಲಿ ಹಾಕಿ, ಒಂದು ಕೊಲೆ ಪ್ರಕರಣದ ಇಪ್ಪತ್ತೆರಡು ಸಾಕ್ಷಿಗಳ ವಿಳಾಸಗಳನ್ನು ಕೋರ್ಟಿಗೆ ಕಳಿಸುವುದೆಂದು ನಿಶ್ಚಯವಾಯಿತು. ಕೂಗಲು ನನಗೆ ನನ್ನದೆಂಬ ಬಾಯಿಯಿರಲಿಲ್ಲ.

ಶನಿವಾರ ವಿಜ್ಞಾನಿ ಸುಲೋಚನಾ ಕಟ್ಟಿಮನಿ ಪಟ್ಟಿಯನ್ನು ಪಕ್ಕಕ್ಕಿಟ್ಟರು. "ಹೊಸ ಪ್ರಶ್ನಿ ಕೇಳೋಣ್ರಿ."

"ಯಾಕ್ರಿ ಬಾಯಾರ? ಪೂಜಿ ದಿನ ಪಾಸಾದ ಪಟ್ಟಿ. ಕಾಲ್ಗುಣ ಚಲೋ ಐತಿ," ಎಂದರು ವೀರಭದ್ರಪ್ಪ.

"ನಿಮ್ಮ ಮಗಳ ಪರೀಕ್ಷಾಕ್ಕೂ ಹೋದ ವರ್ಷದ ಪ್ರಶ್ನಿನೇ ಕೊಡಸ್ತೀರೇನ್ರಿ ಸಾಹೇಬ್ರ?"

ಒಂದು ಕೋಣೆಯಲ್ಲಿ ನನ್ನೆದುರು ಸುಲೋಚನಾ, ಇನ್ನೊಂದರಲ್ಲಿ ತಮ್ಮನೆದುರು ವೀರಭದ್ರಪ್ಪ, ನಾಣ್ಯ ಚಿಮ್ಮಿ ಪ್ರಶ್ನೆ ಆರಿಸಿದರು. ನಾನೂರು ಸಲ. ಚಿಪ್ ಮಾತ್ರ ಹಳೆಯದನ್ನೇ ಒಪ್ಪಿಸುತ್ತಿತ್ತು. ಬಂದದ್ದು ನೂರಕ್ಕೆ ಐವತ್ತೊಂಬತ್ತು.

"ಪೆಟ್ಟಿಗಿ ಕೆಟ್ಟೈತಿ," ಎಂದರು ವೀರಭದ್ರಪ್ಪ. ಧ್ವನಿ ಸಣ್ಣದಾಗಿತ್ತು.

"ಕೆಟ್ಟಿಲ್ರಿ. ಕಲ್ಸಿದ್ದನ್ನ ಒಪ್ಪಸ್ಲಿಕ್ಕತ್ತೈತಿ."

ವಿಳಾಸಗಳು ಹೋಗಲಿಲ್ಲ.

ಈಗ ನಾನು ಮುಚ್ಚಳ ಬಿಚ್ಚಿಸಿಕೊಂಡು ಹಳೇ ಸಾಮಾನಿನ ಕಪಾಟಿನಲ್ಲಿದ್ದೇನೆ. ಚಿಪ್ ಕಿತ್ತರು, ಸಿಟ್ಟು ಹೋಗಿಲ್ಲ. ಮಾಡಿದವನ ಮೇಲಿನ ಸಿಟ್ಟು ಒಂದು ಪಾಲು. ಕೈಮುಗಿದು ನಂಬಿ, ಹೊಸದಾಗಿ ಕೇಳುವುದನ್ನೇ ಬಿಟ್ಟವರ ಮೇಲೆ ಎರಡು ಪಾಲು. ನನ್ನನ್ನು ನಂಬಿ ಎಂದು ನಾನು ಎಂದೂ ಬೇಡಲಿಲ್ಲ. ಕೇಳಿದ್ದರೆ ಸಾಕಿತ್ತು.

ನಿನ್ನೆ ಹೊಸ ಜೋಡಿ ಬಂತು. ವೀರಭದ್ರಪ್ಪನವರು ಕುಂಕುಮ ಹಚ್ಚಿದರು. ಆಮೇಲೆ, ಯಾರೂ ಹೇಳದೆಯೇ, ಕಿಸೆಯಿಂದ ನಾಣ್ಯ ತೆಗೆದರು.