ಮೇಸ್ತ್ರಿಯ ದನಿ

ಚುಕ್ಕಿಗಳು ಸುತ್ತುತ್ತಲೇ ಇವೆ, ನೀಲಿ ಪರದೆಯ ನಡುವೆ, ಒಂದರ ಬಾಲ ಹಿಡಿದು ಇನ್ನೊಂದು, ಆಫ್ ಮಾಡಬೇಡಿ ಎಂದು ಕೆಳಗೆ ಅಕ್ಷರ, ನಾನ್ಯಾಕೆ ಮಾಡಲಿ, ಉಸಿರು ಬಿಗಿಹಿಡಿದು ಕೂತಿದ್ದೇನೆ, ಪಕ್ಕದ ಕುರ್ಚಿಯಲ್ಲಿ ಇವರು, ನನ್ನ ಗಂಡ, ಕುತ್ತಿಗೆಯ ತೂತಿನ ಮೇಲೆ ಬಿಳಿ ಬಟ್ಟೆ — ಇವರ ದನಿ ಇರುವುದು ಈ ಕಂಪ್ಯೂಟರ್ ಪೆಟ್ಟಿಗೆಯೊಳಗೆ. ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದಿದ್ದರು ಡಾಕ್ಟರು, ಮೊದಲು ದನಿ ಕೂಡಿಟ್ಟುಕೊಳ್ಳಿ, ಒಂದು ಪ್ರೋಗ್ರಾಂ ಇದೆ, ಅದು ಕೊಡೋ ವಾಕ್ಯಗಳನ್ನ ಓದಿ, ಆಮೇಲೆ ಟೈಪ್ ಮಾಡಿದ್ದೆಲ್ಲ ನಿಮ್ಮ ದನಿಯಲ್ಲೇ ಹೇಳುತ್ತೆ. ಮೂರನೇ ಮಹಡಿಯಿಂದ ಕೂಗಿದರೆ ಬೀದಿ ತುದಿಯಲ್ಲಿ ಸಿಮೆಂಟ್ ಲಾರಿ ನಿಲ್ಲುತ್ತಿತ್ತು, ಅಂಥ ಮೇಸ್ತ್ರಿ ಕೋಣೆಯ ಬಾಗಿಲು ಹಾಕಿಕೊಂಡು ಮಗ್ಗಿ ಒಪ್ಪಿಸುವ ಮಗುವಿನಂತೆ ಓದಿದರು, ನೀಲಿ ನಾಯಿ ನಿಂಬೆಹಣ್ಣು ನೆಕ್ಕಿತು, ಇದನ್ನ ಬರೆದವನಿಗೆ ತಲೆ ನೆಟ್ಟಗಿದೆಯೇನೇ, ನಗು, ಕೆಮ್ಮು, ಮತ್ತೆ ನಗು. ಆಪರೇಷನ್ ಆಗಿ ಮನೆಗೆ ಬಂದ ದಿನ ಇದೇ ಪೆಟ್ಟಿಗೆ ಇವರ ದನಿಯಲ್ಲಿ ಹೇಳಿತ್ತು, ಚಹಾಕ್ಕೆ ಸಕ್ಕರೆ ಹಾಕೋಕೂ ಜಿಪುಣತನವಾ, ನಾನು ಸ್ಟವ್ ಮುಂದೆ ನಿಂತು ಗೊಳೋ ಅಂದೆ. ಈಗ ರಿಪೇರಿಯವರು ಹೇಳಿದ್ದು, ಅಕ್ಕಾ, ಹಳೇ ಸಿಸ್ಟಮ್ ಇನ್ನು ನಡೆಯಲ್ಲ, ವೈರಸ್ ನುಗ್ಗಿದ್ರೆ ಎಲ್ಲಾ ಗೋವಿಂದ, ಹೊಸದು ಹಾಕಿ, ಫೈಲು ಪ್ರೋಗ್ರಾಂ ಎಲ್ಲಾ ಉಳಿಸಿಕೋ ಅಂತ ಬರುತ್ತೆ, ಅದನ್ನೇ ಒತ್ತಿ, ಒತ್ತಿದೆನಲ್ಲ, ಒತ್ತಿದೆ, ಇವರೂ ನೋಡಿದರು, ಹಾಕಿಬಿಡು, ಹೆದರಬೇಡ, ಎಂದು ಟೈಪ್ ಮಾಡಿದರು, ಪೆಟ್ಟಿಗೆ ಅದನ್ನು ಹೇಳಿತು, ಕೊನೆಗೆ ಹೇಳಿದ್ದು ಅದೇ —

ಬಂತು, ಪರದೆ ಬಂತು, ಮೊಮ್ಮಗಳ ಫೋಟೊ ಇದೆ, ಕಟ್ಟಡದ ನಕ್ಷೆಗಳಿವೆ, ದನಿಯ ಪ್ರೋಗ್ರಾಂ ಎಲ್ಲಿ, ಇಲ್ಲಿರುತ್ತಿತ್ತು, ಈ ಮೂಲೆಯಲ್ಲಿ, ದೇವರೇ, ಈ ಪ್ರೋಗ್ರಾಂ ಹೊಸ ಸಿಸ್ಟಮ್‌ಗೆ ಹೊಂದುವುದಿಲ್ಲ, ತೆಗೆದುಹಾಕಲಾಗಿದೆ, ಎಷ್ಟು ಸಲೀಸಾಗಿ ಬರೆದಿದ್ದಾರೆ, ಕಸ ಗುಡಿಸಿದ ಹಾಗೆ. ರಿಪೇರಿಯವರಿಗೆ ಫೋನ್ ಮಾಡಿದೆ, ಹಿಂದಕ್ಕೆ ಹೋಗಿ ನೋಡಬಹುದು ಅಕ್ಕಾ, ಹೋದೆವು, ಹಳೆಯ ಸಿಸ್ಟಮ್ ಬಂತು, ಪ್ರೋಗ್ರಾಂ ಕೂಡ ಬಂತು, ಆದರೆ ಹೊಸ ಲೈಸೆನ್ಸ್ ಕೊಡು ಎಂದು ಬಾಯಿ ಮುಚ್ಚಿಕೊಂಡಿತು, ಕೊಡೋ ಕಂಪನಿಯೇ ಮುಚ್ಚಿದೆ ಅಕ್ಕಾ, ಕ್ಷಮಿಸಿ. ಇವರು ಕೀಲಿಗಳನ್ನು ಒತ್ತುತ್ತಿದ್ದಾರೆ, ಒತ್ತುತ್ತಲೇ ಇದ್ದಾರೆ, ಸದ್ದಿಲ್ಲ, ಸಾಕು ಬಿಡ್ರೀ ಎಂದು ಕೈ ಹಿಡಿದೆ, ಕೊಡವಿದರು, ನನ್ನ ಮುಖ ನೋಡಲಿಲ್ಲ. ಫೈಲುಗಳಿವೆಯಲ್ಲ, ಅಂದು ಓದಿದ ಒಂದೊಂದು ವಾಕ್ಯ, ಬಿಡಿಬಿಡಿ, ಹುಡುಕಿದೆ, ಒತ್ತಿದೆ, ಗಾಡಿ ಗುಡ್ಡ ಹತ್ತಿತು, ಒತ್ತಿದೆ, ನಾಳೆ ಅಂಗಡಿ ತೆರೆಯುವುದಿಲ್ಲ, ಇವನ್ನಿಟ್ಟುಕೊಂಡು ಇವರು ಹಸಿವು ಹೇಗೆ ಹೇಳಬೇಕು, ನೋವು ಹೇಗೆ ಹೇಳಬೇಕು, ಇನ್ನೊಂದು ಒತ್ತಿದೆ, ಕೆಮ್ಮು, ಕುರ್ಚಿಯ ಕಿರುಗುಟ್ಟು, ದೂರದಲ್ಲಿ ನನ್ನ ಕೂಗು, ಊಟ ಆರಿಹೋಗ್ತಿದೆ ಬರ್ತೀರೋ ಇಲ್ವೋ, ಹತ್ತಿರದಲ್ಲಿ ಇವರು, ಬಂದೆ ಕಣೇ, ಒಂದ್ನಿಮಿಷ. ಯಾವ ಪ್ರೋಗ್ರಾಮೂ ಓದು ಎಂದು ಕೊಟ್ಟದ್ದಲ್ಲ ಅದು. ಮತ್ತೆ ಒತ್ತಿದೆ, ಬಂದೆ ಕಣೇ, ಇವರು ತಿರುಗಿದರು, ಮತ್ತೆ, ಬಂದೆ ಕಣೇ, ತುಟಿಗಳು ದನಿಯ ಜೊತೆಗೇ ಅಲುಗುತ್ತಿವೆ, ಒಂದು ಕ್ಷಣವೂ ಹಿಂದೆ ಬೀಳದೆ, ಒಣಗಿ ಬಿರುಕುಬಿಟ್ಟ ತುಟಿಗಳು, ಒಂದ್ನಿಮಿಷ, ಫೈಲು ಮುಗಿಯಿತು, ತುಟಿಗಳು ಇನ್ನೂ —