ಎರಡು ಗುಜರಿಯಿಂದ ಒಂದು ಕೊಯ್ಲು ಯಂತ್ರ

ಹೊಸ ಕೊಯ್ಲು ಯಂತ್ರದ ಬೆಲೆ ಕೇಳಿ ತಲೆ ಮೇಲೆ ಕೈಹೊತ್ತು ಕೂತ ಮಾವ, ಎದ್ದಿದ್ದು ಒಂದೇ ತೀರ್ಮಾನದೊಂದಿಗೆ: ಕೆಳಗಿನ ಹೊಲ ಮಾರಿ ಯಂತ್ರ ತರುವುದು. ವರ್ಷವರ್ಷವೂ ಬೆಲೆ ಗಗನಕ್ಕೇರುತ್ತಿದ್ದರೆ, ಪಾಪ, ಅವರಾದರೂ ಏನು ಮಾಡಿಯಾರು? ಆದರೆ ಸೊಸೆ ಸುತರಾಂ ಒಪ್ಪಲಿಲ್ಲ. ಆರು ವರ್ಷ ಕಲ್ಲು ಹೆಕ್ಕಿ ಆ ಹೊಲವನ್ನು ಹೊಲ ಮಾಡಿದ್ದು ಅವಳು.

"ಗುಜರೀಲಿ ಎರಡು ಹಳೇ ಯಂತ್ರ ಬಿದ್ದಿವೆ ಮಾವ. ಎರಡನ್ನೂ ಸೇರಿಸಿ ಒಂದು ಮಾಡ್ತೀನಿ. ಅದು ಓಡದಿದ್ರೆ ಹೊಲ ಮಾರಿ," ಎಂದು ಹಟ ಹಿಡಿದಳು. ಅತ್ತೆ ಸೊಸೆಯ ಕಡೆ. ಹಿಟ್ಟಿನ ಗಿರಣಿಯವರ ಮಗಳು ಆಕೆ. ಸ್ಪ್ಯಾನರು ಕಂಡರೆ ಕೈ ಸುಮ್ಮನಿರದು. ಒಂದೂವರೆ ತಿಂಗಳು ಇಬ್ಬರೂ ಶೆಡ್ಡು ಬಿಟ್ಟು ಕದಲಲಿಲ್ಲ.

ಇವತ್ತು ಪರೀಕ್ಷೆ. ಮೇಲಿನ ಹೊಲದಲ್ಲಿ ಗೋಧಿ ಮಾಗಿ ನಿಂತಿತ್ತು. ಕೆಳಗಿನ ಹೊಲ ಕೊಳ್ಳುವವನೂ ಕರಾರುಪತ್ರ ಹಿಡಿದು ಬದುವಿನ ಮೇಲೆ ಹಾಜರಾಗಿದ್ದ.

ಸೊಸೆ ಕೀಲಿ ತಿರುಗಿಸಿದಳು. ಎಂಜಿನ್ ಗುರ್ ಎಂದಿತು! ನಾಲ್ಕು ಮಾರು ಹೋಗಿರಲಿಲ್ಲ, ಕೊಯ್ದ ಪೈರು ಒಳಗೆ ಹೋಗುವ ಬದಲು ಮುಂದಿನಿಂದಲೇ ಮೇಲಕ್ಕೆ ಎಗರಿ ಅವಳ ಮುಖಕ್ಕೆ ರಾಚಿತು.

"ಉಗುಳ್ತಾ ಇದೆಯಲ್ರೀ!" ಕೊಳ್ಳುವವನು ಹೊಟ್ಟೆ ಹಿಡಿದುಕೊಂಡು ನಕ್ಕ. ಮಾವ ಪೆನ್ನು ತೆಗೆದರು.

ಸೊಸೆ ಎಂಜಿನ್ ಆರಿಸಿ ಕೆಳಗೆ ಧುಮುಕಿದಳು. ಪಕ್ಕದ ತಗಡು ಕಿತ್ತು ನೋಡಿದರೆ, ಕಾಳು ಬಡಿಯುವ ಉರುಳೆಯ ಬೆಲ್ಟು ಕತ್ತರಿಯ ಹಾಗೆ ಅಡ್ಡಹಾಯ್ದಿದೆ. ಉರುಳೆ ಹಿಮ್ಮುಖ ತಿರುಗದೆ ಇನ್ನೇನು?

"ಅತ್ತೇ, ಇದನ್ನ ತಿರುಚಿ ಹಾಕಿದ್ದು ಯಾರು?"

"ಅಯ್ಯೋ, ನಾನೇ ಕಣೇ! ಜಾರಬಾರದು ಅಂತ ನಮ್ಮ ಗಿರಣೀಲಿ ಹಿಂಗೇ ಹಾಕ್ತಿದ್ವಿ. ಕೈ ಅದರ ಪಾಡಿಗೆ ಹಾಕ್ಬಿಟ್ಟಿದೆ!"

"ಮಾವ, ಐದೇ ನಿಮಿಷ! ಸಹಿ ಹಾಕಿದ್ರೆ ನನ್ನಾಣೆ!"

ಅತ್ತೆ ಸೊಸೆ ಇಬ್ಬರೂ ಬೆಲ್ಟು ಬಿಚ್ಚಿ, ನೇರ ಮಾಡಿ, ಹಲ್ಲು ಕಚ್ಚಿ ಬಿಗಿದರು.

ಈ ಸಲ ಪೈರು ಸರಸರನೆ ಒಳಗೆ ಹೋಯಿತು. ಹಿಂದಿನಿಂದ ಹುಲ್ಲು ಬಿತ್ತು, ಮೇಲಿನ ತೊಟ್ಟಿಗೆ ಕಾಳು ಧೋ ಎಂದು ಸುರಿಯಿತು! ಅತ್ತೆ ಬದುವಿನ ಮೇಲೆ ಕುಣಿದೇಬಿಟ್ಟರು. ಸೊಸೆ ಖುಷಿಗೆ ಕಿರುಚಿದ್ದು ಆ ಸದ್ದಿನಲ್ಲಿ ಅವಳಿಗೇ ಕೇಳಿಸಲಿಲ್ಲ. ಅತ್ತ ಮಾವ ಕೊಳ್ಳುವವನಿಗೆ ಏನೋ ಹೇಳುತ್ತಿದ್ದರು. ಅವನು ಕೈ ಬೀಸಿ ಬೀಸಿ ವಾದಿಸುತ್ತಿದ್ದ. ಕೊನೆಗೆ ಮುಖ ಊದಿಸಿಕೊಂಡು ಬೈಕು ಹತ್ತಿದ.

ಸಾಲಿನ ತುದಿಯಲ್ಲಿ ಅವಳು ಯಂತ್ರ ನಿಲ್ಲಿಸಿದಾಗ ಮಾವ ಏಣಿ ಹತ್ತಿ ಬಂದು, ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಇಳಿಸಿದರು. ಬೊಗಸೆ ತುಂಬ ಕಾಳು ಹಿಡಿದು, ಗುಡುಗುತ್ತಿದ್ದ ಎಂಜಿನ್ನಿನ ಮೇಲೆ ದನಿಯೆತ್ತಿ ಕೂಗಿದರು:

"ಏನು ನೋಡ್ತಾ ಕೂತೆ? ಇದು ಮುಗಿಸಿ ಕೆಳಗಿನ ಹೊಲಕ್ಕೆ ನಡಿ! ಅಲ್ಲಿ ನಿಂತಿರೋ ನಮ್ಮ ಬೆಳೆ ಕೊಯ್ಯೋಕೆ ನಿಮ್ಮಪ್ಪ ಬರ್ತಾನಾ?"